ಸಿನಿಮಾದಲ್ಲಿ ಕ್ಷಿಪಣಿ, ಪೀಣ್ಯಕ್ಕೆ ಕಾಗದ

ನಮ್ಮ ಕಡೆಯಿಂದ ತುಮಕೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋಗಿಬರುವವರಿಗೆ ಪೀಣ್ಯ ಗೊತ್ತು. ಪೀಣ್ಯದ ಬೆನ್ನಿಗೆ ಅಂಟಿಕೊಂಡಿರುವುದೇ ರಾಜಗೋಪಾಲನಗರ. ಈ ಪತ್ರಿಕೆ ಓದುವ ಎಷ್ಟೋ ಗಿರಣಿ ಕಾರ್ಮಿಕರ ಮಕ್ಕಳು, ತಂಗಿಯರು ಅಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಹಿಡಿದು ಲೇತು, ಮಿಲ್ಲಿಂಗು, ಪೌಡರ್ ಕೋಟಿಂಗು, ಗಾರ್ಮೆಂಟ್ಸು ಎಂದು ದುಡಿಯುತ್ತಿದ್ದಾರೆ. ಅಲ್ಲಿನ ಟೈಲರ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಒಂದು ಭಾನುವಾರ ಸಂಜೆ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, ಇಪ್ಪತ್ತು ಇಪ್ಪತ್ತೈದು ಮಂದಿ ಕೂಡಿ ಒಂದು ಇಂಗ್ಲಿಷ್ ಚಿತ್ರ ನೋಡಿದೆವು. ಹೆಸರು ಸಿರಿಯಾನಾ. 2005ರದು. ಎಣ್ಣೆಯ ಹಿಂದಿರುವ ರಾಜಕೀಯವನ್ನು, ಒಂದು ದೇಶದ ಗಾದಿಯ ಮೇಲೆ ಯಾರು ಕೂರಬೇಕೆಂದು ಇನ್ನೊಂದು ದೇಶ ಕೂತಲ್ಲೇ ತೀರ್ಮಾನಿಸುವ ಬಗೆಯನ್ನು ಬಿಚ್ಚಿ ತೋರಿಸುತ್ತದೆಂದು ಹೆಸರು ಮಾಡಿದ ಚಿತ್ರ.

ತೋರಿಸೋಣ ಎಂದವನು ನಾನೇ. ಬೈಗುಳ ತಿಂದವನೂ ನಾನೇ. ಮೊದಲ ಅರ್ಧ ಗಂಟೆಯಲ್ಲೇ ಒಬ್ಬ ಟರ್ನರ್ ಆಕಳಿಸಿ, “ಮೇಷ್ಟ್ರೇ, ಇದ್ರಲ್ಲಿ ಯಾರು ಒಳ್ಳೇವ್ರು, ಯಾರು ಕೆಟ್ಟೋರು ಅಂತಾನೇ ಗೊತ್ತಾಗ್ತಿಲ್ವಲ್ಲ” ಎಂದ. ಅವನ ತಪ್ಪಲ್ಲ. ಕಥೆ ವಾಷಿಂಗ್ಟನ್ನಿನಿಂದ ಜಿನೀವಕ್ಕೆ, ಅಲ್ಲಿಂದ ಕೊಲ್ಲಿಗೆ, ಕೊಲ್ಲಿಯಿಂದ ಬೇರೂತಿಗೆ ಮಿಡತೆಯಂತೆ ನೆಗೆಯುತ್ತದೆ. ಓದುಗರಿಗಾಗಿ ಅದನ್ನು ಕರಿಹಲಗೆಯ ಮೇಲೆ ಬರೆದಂತೆ ಬಿಡಿಸಿ ಹೇಳುತ್ತೇನೆ.

ಕೊಲ್ಲಿಯಲ್ಲಿ ಒಂದು ಕಲ್ಪಿತ ಅರಬ್ಬೀ ಸಂಸ್ಥಾನ. ಅಲ್ಲಿನ ಮುದಿ ಅಮೀರನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನಾಸಿರ್, ಓದಿದವನು, ವಿವೇಕಿ. ನೆಲದಡಿಯ ಅನಿಲವನ್ನು ಹೆಚ್ಚು ಬೆಲೆ ಕೊಟ್ಟ ಚೀನದ ಕಂಪನಿಗೆ ಕೊಡುತ್ತಾನೆ. ಬಂದ ಹಣದಿಂದ ತನ್ನ ದೇಶವನ್ನು ಕಟ್ಟಬೇಕು, ಹೆಂಗಸರಿಗೆ ವೋಟು ಕೊಡಬೇಕು ಎಂಬುದು ಅವನ ಆಸೆ. ಅಷ್ಟೇ ಅವನ ಅಪರಾಧ. ಗುತ್ತಿಗೆ ಕಳೆದುಕೊಂಡ ಅಮೆರಿಕದ ಎಣ್ಣೆ ಧಣಿಗಳಿಗೆ ಕಣ್ಣು ಕೆಂಪಾಗುತ್ತದೆ. ವಾಷಿಂಗ್ಟನ್ನಿನಲ್ಲಿ ವಕೀಲರು ಕೂತು ಎರಡು ಎಣ್ಣೆ ಕಂಪನಿಗಳ ವಿಲೀನಕ್ಕೆ ಕಾಗದ ಸರಿಮಾಡುತ್ತಾರೆ. ಲಂಚದ ವಾಸನೆ ಬಂದಾಗ ಒಬ್ಬಿಬ್ಬರನ್ನು ಬಲಿಕೊಟ್ಟು ಉಳಿದದ್ದನ್ನು ಮುಚ್ಚುತ್ತಾರೆ. ಗಾದಿಗೆ ಬರುವವನು ಕೈಗೊಂಬೆಯಾದ ಕಿರಿಯ ಮಗ. ನಾಸಿರನ ಕಾರಿನ ಮೇಲೆ ಆಕಾಶದಿಂದ ಕ್ಷಿಪಣಿ ಬೀಳುತ್ತದೆ. ಅವನನ್ನು ಎಚ್ಚರಿಸಲು ಓಡಿಬಂದ ಮುದಿ ಗುಪ್ತಚರನೂ ಅಲ್ಲೇ ಸುಟ್ಟುಹೋಗುತ್ತಾನೆ. ಆ ಗುಪ್ತಚರನ ಪಾತ್ರ ಮಾಡಿದ ಜಾರ್ಜ್ ಕ್ಲೂನಿಗೆ ಆಸ್ಕರ್ ಬಂತು. ಅಮೆರಿಕದ ಗುಪ್ತಚರ ಸಂಸ್ಥೆಯಲ್ಲೇ ಇದ್ದ ರಾಬರ್ಟ್ ಬೇರ್ ಎಂಬಾತನ ಪುಸ್ತಕವನ್ನು ಆಧರಿಸಿದ್ದೆಂದು ಚಿತ್ರಕ್ಕೆ ತೂಕವೂ ಬಂತು.

ಆಕಳಿಸುತ್ತಿದ್ದ ಕೋಣೆ ಒಂದು ಕಡೆ ಮಾತ್ರ ನಿಶ್ಶಬ್ದವಾಯಿತು. ಅದು ಕ್ಷಿಪಣಿ ಬಿದ್ದಾಗ ಅಲ್ಲ. ಚೀನದವರು ಗುತ್ತಿಗೆ ಹಿಡಿದದ್ದರಿಂದ ಹಳೆಯ ಕಂಪನಿಯ ಕೂಲಿಗಳನ್ನೆಲ್ಲ ಒಂದೇ ಘೋಷಣೆಯಲ್ಲಿ ಮನೆಗೆ ಕಳಿಸುತ್ತಾರೆ. ಅವರಲ್ಲಿ ವಾಸಿಮ್ ಎಂಬ ಪಾಕಿಸ್ತಾನದ ಹುಡುಗ, ಜತೆಗೆ ಅವನ ಅಪ್ಪ. ಕೆಲಸ ಹೋದರೆ ಆ ದೇಶದಲ್ಲಿ ಇರುವ ಹಕ್ಕೂ ಹೋಗುತ್ತದೆ. ಕಾಗದಪತ್ರಕ್ಕಾಗಿ ಸಾಲಿನಲ್ಲಿ ನಿಂತಾಗ ಮಾತಾಡಿದರೆಂದು ಪೊಲೀಸರು ಅವರನ್ನು ನಾಯಿಗೆ ಬಡಿದ ಹಾಗೆ ಬಡಿಯುತ್ತಾರೆ. ಈ ಅಪ್ಪ ಮಗ ಆಡುವುದು ಉರ್ದು. ರಾಜಗೋಪಾಲನಗರದ ಆ ಕೋಣೆಯಲ್ಲಿ ಅರ್ಧ ಮಂದಿಗೆ ಇಂಗ್ಲಿಷ್ ಬಾರದು, ಉರ್ದು ಬರುತ್ತದೆ. ಹಾಲಿವುಡ್ಡಿನ ಧಣಿಗಳು ಅಮೆರಿಕನ್ನರಿಗಾಗಿ ಇಂಗ್ಲಿಷ್ ಅಕ್ಷರ ಮೂಡಿಸಿದ್ದ ಮಾತುಗಳೇ ನಮ್ಮವರಿಗೆ ಯಾವ ಅಕ್ಷರವೂ ಇಲ್ಲದೆ ಅರ್ಥವಾದವು. ಗೋಡೆಗೆ ಒರಗಿ ಕೂತಿದ್ದ ಗಾರ್ಮೆಂಟ್ಸಿನ ಹೆಂಗಸೊಬ್ಬಳು, “ನಮ್ಮನ್ನ ಕಳ್ಸಿದ್ದೂ ಹಿಂಗೇನೇ” ಎಂದಳು. ಯಾರೂ ಏನೂ ಆಡಲಿಲ್ಲ.

ಚಿತ್ರ ಮುಗಿದ ಮೇಲೆ ಚಹಾ ಬಂತು. ಕಿರಾಣಿ ಅಂಗಡಿಯ ಯಜಮಾನರೊಬ್ಬರು ಕೇಳಿದರು: “ಅರಬ್ಬರ ಮನೆ ಜಗಳ ಕಟ್ಕೊಂಡು ನಮಗೇನಾಗ್ಬೇಕು ಮೇಷ್ಟ್ರೇ? ಎಲ್ಲೋ ಮರಳುಗಾಡಲ್ಲಿ ಯಾರೋ ಯಾರನ್ನೋ ಹೊಡೀತಾರೆ.”

ಆ ಪ್ರಶ್ನೆಗಾಗಿಯೇ ಈ ಲೇಖನ. ಈ ಚಿತ್ರದ ಮೇಲೆ ನನ್ನ ದೂರು ಅದು ಸುಳ್ಳು ಹೇಳುತ್ತದೆಂದಲ್ಲ. ಅದು ಹೇಳುವುದು ನಿಜ. ಆದರೆ ನಿಜವನ್ನು ಮರಳುಗಾಡಿಗೆ ಸಾಗಿಸಿ, ಅದಕ್ಕೆ ಕ್ಷಿಪಣಿ ಕಟ್ಟಿ, ನೋಡುವವನು “ಇದು ನಮ್ಮೂರ ಉಸಾಬರಿ ಅಲ್ಲ” ಎಂದು ಎದ್ದುಹೋಗುವಂತೆ ಮಾಡುತ್ತದೆ. ಪರದೇಶದ ಕೈ ನಮ್ಮ ಅಡುಗೆಮನೆಗೆ ಕ್ಷಿಪಣಿಯಾಗಿ ಬರುವುದಿಲ್ಲ. ಅಂಚೆಯಲ್ಲಿ ಬರುತ್ತದೆ, ವಿಮೆಯ ಕಾಗದವಾಗಿ, ಬ್ಯಾಂಕಿನ ಪತ್ರವಾಗಿ, ಸುಂಕದ ಆದೇಶವಾಗಿ. ಅದನ್ನು ತೋರಿಸಲು ಯಾವ ಹಾಲಿವುಡ್ಡಿಗೂ ಬಿಡುವಿಲ್ಲ, ಕಾಗದಕ್ಕೆ ಸದ್ದಿಲ್ಲವಲ್ಲ!

ಈ ಚಿತ್ರ ಅಮೆರಿಕದ ಟಾಕೀಸುಗಳಿಗೆ ಬಂದದ್ದು 2005ರ ನವೆಂಬರಿನಲ್ಲಿ. ಆ ಹೊತ್ತಿಗೆ ನಮ್ಮ ದಿಲ್ಲಿಯಲ್ಲಿ ನಡೆಯುತ್ತಿದ್ದ ಆಟವನ್ನು ನೋಡಿ. ಇರಾನಿನಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಅನಿಲದ ಕೊಳವೆ ಹಾಕಬೇಕೆಂದು ಆಗಿನ ಪೆಟ್ರೋಲಿಯಂ ಮಂತ್ರಿ ಮಣಿಶಂಕರ್ ಅಯ್ಯರ್ ಓಡಾಡುತ್ತಿದ್ದರು. ಅದೇ ವರ್ಷ ಜುಲೈಯಲ್ಲಿ ಅಮೆರಿಕದೊಡನೆ ಅಣು ಒಪ್ಪಂದದ ಘೋಷಣೆಯಾಯಿತು. ಸೆಪ್ಟೆಂಬರ್ 24ರಂದು ವಿಯೆನ್ನಾದ ಅಣುಶಕ್ತಿ ಸಂಸ್ಥೆಯಲ್ಲಿ ಭಾರತ ಇರಾನಿನ ವಿರುದ್ಧ ಕೈ ಎತ್ತಿತು. 2006ರ ಜನವರಿ ಕೊನೆಯಲ್ಲಿ ಅಯ್ಯರ್ ಅವರ ಕೈಯಿಂದ ಎಣ್ಣೆ ಖಾತೆ ಹೋಗಿ ಮುರಳಿ ದೇವರಾ ಬಂದರು. ದಿಲ್ಲಿಯ ಅಮೆರಿಕನ್ ರಾಯಭಾರ ಕಚೇರಿ ಆ ಬದಲಾವಣೆಯ ಬಗ್ಗೆ ಸಂತೋಷದಿಂದ ತನ್ನ ಸರ್ಕಾರಕ್ಕೆ ಬರೆದಿತ್ತು. ಹೋದವರು ಇರಾನ್ ಕೊಳವೆಯ ವಕೀಲರೆಂದೂ ಬಂದವರು ಅಮೆರಿಕದ ಪರವೆಂದೂ ಲೆಕ್ಕ ಹಾಕಿತ್ತು. ವಿಕಿಲೀಕ್ಸ್ ಬಯಲು ಮಾಡಿದ ಆ ತಂತಿಯನ್ನು 2011ರಲ್ಲಿ ಹಿಂದೂ ಪತ್ರಿಕೆ ಅಚ್ಚುಹಾಕಿತು. ಖಾತೆ ಬದಲಾವಣೆ ಪ್ರಧಾನಿಯ ಹಕ್ಕು, ಒಳಗಿನ ಕಾರಣ ಬೇರೆ ಇರಬಹುದು ಎನ್ನುವವರಿದ್ದಾರೆ. ಇರಬಹುದು. ಆದರೆ ನಮ್ಮ ಮಂತ್ರಿ ಬದಲಾದರೆ ಅವರ ಮನೆಯಲ್ಲಿ ಪಾಯಸ ಯಾಕೆ? ಒಂದು ಗುಂಡೂ ಹಾರಲಿಲ್ಲ, ನಾಸಿರನಂತೆ ಯಾರೂ ಸುಟ್ಟುಹೋಗಲಿಲ್ಲ. ಕೊಳವೆ ಮಾತ್ರ ಬರಲಿಲ್ಲ.

ಅದೇ ನವೆಂಬರಿನ 19ರಂದು, ಸಿರಿಯಾನಾ ಬಿಡುಗಡೆಗೆ ನಾಲ್ಕು ದಿನ ಮೊದಲು, ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಹುಡುಗ, ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ ಗುಂಡಿಗೆ ಬಲಿಯಾದ. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಜಡಿಸಿದ್ದ, ಅದಕ್ಕೆ. ಅವನ ಮೇಲೂ 2014ರಲ್ಲಿ ಒಂದು ಹಿಂದಿ ಚಿತ್ರ ಬಂತು. ಅದರಲ್ಲೂ ಒಂಟಿ ಪ್ರಾಮಾಣಿಕ ಮನುಷ್ಯ, ಒಂಟಿ ಸಾವು. ಎಣ್ಣೆಯ ಚಿತ್ರಗಳಿಗೆ ಒಂಟಿ ಸಾವೆಂದರೆ ಪ್ರೀತಿ.

ಎಣ್ಣೆಗಾಗಿ ಸರ್ಕಾರ ಉರುಳಿಸುವುದು ಸಿನಿಮಾದವರು ಕಟ್ಟಿದ ಕಥೆಯಲ್ಲ, ಅದರ ಮೂಲ ಇರಾನಿನಲ್ಲೇ ಇದೆ. 1951ರಲ್ಲಿ ಅಲ್ಲಿನ ಸಂಸತ್ತು ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು, ಮುಸದ್ದಿಕ್ ಪ್ರಧಾನಿಯಾದರು. ಬ್ರಿಟಿಷ್ ಎಣ್ಣೆ ಕಂಪನಿ ತನ್ನ ತಂತ್ರಜ್ಞರನ್ನು ಹೊರಡಿಸಿತು. ಇರಾನಿನ ಎಣ್ಣೆ ತುಂಬಿ ಹೊರಟ ರೋಸ್ ಮೇರಿ ಎಂಬ ಹಡಗನ್ನು 1952ರಲ್ಲಿ ಏಡನ್ನಿನಲ್ಲಿ ತಡೆದು, “ಇದು ನಮ್ಮ ಮಾಲು” ಎಂದು ಕೋರ್ಟಿಗೆ ಹೋದರು. ಗಮನಿಸಿ, ಮೊದಲು ಬಂದದ್ದು ಕೋರ್ಟಿನ ಕಾಗದ. ಹೊಟ್ಟೆಗೆ ಹೊಡೆದು ದೇಶ ಸುಸ್ತಾದ ಮೇಲೆ 1953ರ ಆಗಸ್ಟಿನಲ್ಲಿ ಅಮೆರಿಕ, ಬ್ರಿಟನ್ನುಗಳ ಗುಪ್ತಚರರು ಸಂಚು ಹೂಡಿ ಮುಸದ್ದಿಕರನ್ನು ಕೆಡವಿದರು. 1954ರಲ್ಲಿ ಎಣ್ಣೆ ಹಂಚಿಕೆಯಾಯಿತು. ಬ್ರಿಟಿಷ್ ಕಂಪನಿಗೆ ನೂರಕ್ಕೆ 40, ಅಮೆರಿಕದ ಕಂಪನಿಗಳಿಗೆ ನೂರಕ್ಕೆ 40, ಉಳಿದದ್ದು ಷೆಲ್ಲಿಗೆ ಮತ್ತು ಫ್ರೆಂಚರಿಗೆ. ತನ್ನ ಕೈವಾಡವನ್ನು ಅಮೆರಿಕದ ಗುಪ್ತಚರ ಸಂಸ್ಥೆಯೇ ಅರವತ್ತು ವರ್ಷ ಕಳೆದು, 2013ರಲ್ಲಿ ಬಿಡುಗಡೆಯಾದ ದಾಖಲೆಯಲ್ಲಿ ಒಪ್ಪಿಕೊಂಡಿತು.

ನಮ್ಮ ದೇಶದಲ್ಲೂ ಬರ್ಮಾ ಷೆಲ್, ಎಸ್ಸೊ, ಕಾಲ್ಟೆಕ್ಸ್ ಎಂಬ ಮೂರು ಧಣಿಗಳಿದ್ದರು. ಹಿರಿಯ ಓದುಗರಿಗೆ ಆ ಬಂಕುಗಳ ಬೋರ್ಡು ನೆನಪಿರಬೇಕು. 1960ರಲ್ಲಿ ಸೋವಿಯತ್ ರಷ್ಯ ಅಗ್ಗದ ದರದಲ್ಲಿ ಕಚ್ಚಾ ಎಣ್ಣೆ ಕೊಡುತ್ತೇನೆಂದಾಗ, “ನಮ್ಮ ಶುದ್ಧೀಕರಣ ಕಾರ್ಖಾನೆಯಲ್ಲಿ ಅದನ್ನು ಮುಟ್ಟುವುದಿಲ್ಲ” ಎಂದು ಈ ಮೂವರೂ ಹೇಳಿದರು. ನಮ್ಮ ನೆಲ, ನಮ್ಮ ಕೂಲಿ, ನಮ್ಮ ಗಿರಾಕಿ. ಹುಕುಂ ಮಾತ್ರ ಲಂಡನ್ನು, ನ್ಯೂಯಾರ್ಕಿನದು. ಆಗಿನ ಮಂತ್ರಿ ಕೆ. ಡಿ. ಮಾಳವೀಯ ಸರ್ಕಾರಿ ಎಣ್ಣೆ ಕಂಪನಿಗಳನ್ನು ಕಟ್ಟಿದ್ದು ಇಂಥ ಹುಕುಮಿನ ಎದುರು. ಎಸ್ಸೊ 1974ರಲ್ಲಿ, ಬರ್ಮಾ ಷೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದವು.

ಆ ಹುಕುಂ ಹಳೆಯ ಕಾಲಕ್ಕೇ ಮುಗಿಯಿತು ಎನ್ನುವವರಿಗೆ ನಮ್ಮ ಮಂಗಳೂರನ್ನು ತೋರಿಸುತ್ತೇನೆ.

ಸುರತ್ಕಲ್ ಪಕ್ಕದ ಮಂಗಳೂರು ಶುದ್ಧೀಕರಣ ಕಾರ್ಖಾನೆ, ಎಂ.ಆರ್.ಪಿ.ಎಲ್., 1996ರಲ್ಲಿ ಶುರುವಾಯಿತು. 2003ರಲ್ಲಿ ಸರ್ಕಾರದ ಓ.ಎನ್.ಜಿ.ಸಿ.ಯ ಕೈಗೆ ಬಂತು. ವರ್ಷಕ್ಕೆ 150 ಲಕ್ಷ ಟನ್ ಎಣ್ಣೆ ಕಾಯಿಸಬಲ್ಲ ಕಾರ್ಖಾನೆ. ಅಲ್ಲಿಂದ ಹಾಸನದ ಮೇಲೆ ಹಾದು ಬೆಂಗಳೂರಿನ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರ್ ಕೊಳವೆ ಇದೆ. ಪೀಣ್ಯದ ಜನರೇಟರಿಗೆ, ನಮ್ಮ ಅಂಗಡಿಗಳಿಗೆ ಮಾಲು ತರುವ ಲಗೇಜ್ ಆಟೊಗೆ ಬರುವ ಡೀಸೆಲ್ಲಿನ ದಾರಿ ಅದು. ಈ ಕಾರ್ಖಾನೆ 2011–12ರಲ್ಲಿ ಭಾರತದಲ್ಲೇ ಇರಾನಿನ ಎಣ್ಣೆಯ ಅತಿ ದೊಡ್ಡ ಗಿರಾಕಿಯಾಗಿತ್ತು. ಯಾಕೆ? ಇರಾನ್ ಸಾಲಕ್ಕೆ ಕೊಡುತ್ತಿತ್ತು, ಸಾಗಣೆಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಅಂಗಡಿ ಇಟ್ಟವರಿಗೆ ಗೊತ್ತು, ಎರಡು ತಿಂಗಳ ಸಾಲಕ್ಕೆ ಮಾಲು ಕೊಡುವ ಮಂಡಿಯವನನ್ನು ಯಾರೂ ಬಿಡುವುದಿಲ್ಲ.

ಅವನ ಅಂಗಡಿಗೆ ಹೋಗಬೇಡ ಎಂದು ಮೂರನೆಯವನು ಹೇಳಿದ. ಬಾಯಲ್ಲಿ ಹೇಳಲಿಲ್ಲ. 2010ರ ಡಿಸೆಂಬರಿನಲ್ಲಿ, ಏಷ್ಯಾ ದೇಶಗಳ ಲೆಕ್ಕ ತೀರಿಸುವ ಹಳೆಯ ವ್ಯವಸ್ಥೆಯ ಮೂಲಕ ಇರಾನಿಗೆ ಹಣ ಕಟ್ಟುವುದನ್ನು ನಮ್ಮ ರಿಸರ್ವ್ ಬ್ಯಾಂಕೇ ನಿಲ್ಲಿಸಿತು. ಜರ್ಮನಿಯ ಒಂದು ಬ್ಯಾಂಕಿನ ಮೂಲಕ ಕೊಡೋಣವೆಂದರೆ 2011ರಲ್ಲಿ ಯೂರೋಪು ಆ ಬಾಗಿಲನ್ನೂ ಮುಚ್ಚಿತು. ತುರ್ಕಿಯ ಬ್ಯಾಂಕು ಕೆಲವು ಕಾಲ ನಡೆಯಿತು. ಕೊನೆಗೆ ಕೋಲ್ಕತ್ತದ ಯೂಕೋ ಬ್ಯಾಂಕಿನಲ್ಲಿ ರೂಪಾಯಿ ಜಮಾ ಮಾಡಿ, ಆ ರೂಪಾಯಿಯಲ್ಲಿ ಇರಾನ್ ನಮ್ಮ ಅಕ್ಕಿ, ಚಹಾ, ಔಷಧಿ ಕೊಳ್ಳುವ ಉಪಾಯ ಹುಡುಕಿದರು. ಡಾಲರಿನ ಮುಖ ನೋಡದ ವ್ಯಾಪಾರ! ಹಣದ ದಾರಿ ತೆರೆಯಿತು ಎನ್ನುವಷ್ಟರಲ್ಲಿ ವಿಮೆಯ ದಾರಿ ಮುಚ್ಚಿತು. 2012ರ ಜುಲೈ 1ರಿಂದ ಇರಾನಿನ ಎಣ್ಣೆ ಹೊತ್ತ ಹಡಗಿಗೆ ಯೂರೋಪಿನ ವಿಮೆ ಇಲ್ಲ. 2013ರಲ್ಲಿ ಆ ಎಣ್ಣೆ ಕಾಯಿಸುವ ಕಾರ್ಖಾನೆಯ ವಿಮೆಗೇ ಕುತ್ತು ಬಂತು. ಆ ವರ್ಷದ ಏಪ್ರಿಲ್‌ನಿಂದ ಕೆಲವು ತಿಂಗಳು ಮಂಗಳೂರಿಗೆ ಇರಾನಿನ ಹಡಗೇ ಬರಲಿಲ್ಲ.

ನಾನು ಮಾಸ್ತರನಾಗಿದ್ದಾಗ ಒಂದು ಶಾಲೆಯಲ್ಲಿ ನನ್ನನ್ನು ಹೊರಗೆ ಹಾಕಬೇಕಾದಾಗ ಯಾರೂ “ಹೋಗು” ಎನ್ನಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಸಾಲು ಬರೆಯುವುದನ್ನು ಮರೆತರು. ಅಷ್ಟೇ. ಮಂಗಳೂರಿಗೆ ಆದದ್ದು ಅದೇ ಜಾತಿಯದು.

ಆಮೇಲೆ ನಡುವೆ ಸ್ವಲ್ಪ ಕಾಲ ಬಿಡುವು. ಯುದ್ಧಕಾಲಕ್ಕೆಂದು ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಎಣ್ಣೆ ಹಿಡಿಸುವ ಗವಿಗಳನ್ನು ಕೊರೆದರು. 2016ರಲ್ಲಿ ಮಂಗಳೂರಿನ ಗವಿಗೆ ಮೊದಲು ಬಂದದ್ದು ಇರಾನಿನ ಎಣ್ಣೆ. 2018ರಲ್ಲಿ ಅದರ ಇನ್ನರ್ಧಕ್ಕೆ ಅಬುಧಾಬಿಯ ಎಣ್ಣೆ. ಅದೇ 2018ರ ಮೇ ತಿಂಗಳಲ್ಲಿ ಟ್ರಂಪ್ ಇರಾನಿನೊಡನೆ ಆಗಿದ್ದ ಅಣು ಒಪ್ಪಂದವನ್ನು ಹರಿದರು. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿರಲಿಲ್ಲ, ಮುರಿದದ್ದೂ ಭಾರತವಲ್ಲ. ಆದರೂ ಆರು ತಿಂಗಳ ವಿನಾಯಿತಿಯ ಭಿಕ್ಷೆ ಮುಗಿದು, 2019ರ ಮೇ ತಿಂಗಳಿಂದ ಇರಾನಿನ ಎಣ್ಣೆ ಕೊಳ್ಳುವುದನ್ನು ಭಾರತ ನಿಲ್ಲಿಸಿತು. ಸಾಲ ಹೋಯಿತು, ಸಾಗಣೆ ರಿಯಾಯಿತಿ ಹೋಯಿತು, ರೂಪಾಯಿ ವ್ಯಾಪಾರ ಹೋಯಿತು. ಐವತ್ತಾರು ಇಂಚಿನ ಎದೆಯ ಮಾತು ಚುನಾವಣೆಯ ಮೈದಾನದಲ್ಲಿ ಮೊಳಗುತ್ತಿದ್ದ ತಿಂಗಳೇ ಅದು. ನಾಸಿರನ ಸಂಸ್ಥಾನಕ್ಕೆ ಕ್ಷಿಪಣಿ ಬೇಕಾಯಿತು. ನಮಗೆ ಒಂದು ಸುತ್ತೋಲೆ ಸಾಕಾಯಿತು.

“ನಮ್ಮನ್ನ ಕಳ್ಸಿದ್ದೂ ಹಿಂಗೇನೇ” ಎಂದಳಲ್ಲ ಆ ಹೆಂಗಸು, ಅವಳನ್ನು ಯಾವಾಗ, ಹೇಗೆ ಎಂದು ಚಹಾ ಕುಡಿಯುತ್ತ ಕೇಳಿದೆ. 2025ರ ಗೌರಿಹಬ್ಬ ಕಳೆದ ಮೇಲೆ ಎಂದಳು. ಮೊದಲು ಓವರ್‌ಟೈಮ್ ನಿಂತಿತು. ಆಮೇಲೆ ವಾರಕ್ಕೆ ನಾಲ್ಕು ದಿನ ಕೆಲಸ. ಆಮೇಲೆ “ಆರ್ಡರ್ ಬಂದಾಗ ಫೋನ್ ಮಾಡ್ತೀವಿ.” ಯಾಕೆಂದು ಕೇಳಿದ್ದಕ್ಕೆ ಸೂಪರ್‌ವೈಸರ್ ಅಂದದ್ದು ಒಂದೇ ಮಾತು, “ಅಮೆರಿಕದೋರು.”

ಆ ಒಂದು ಮಾತಿನ ಹಿಂದಿನ ಕಥೆ ಹೀಗಿದೆ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ನುಗ್ಗಿದ ಮೇಲೆ ಯೂರೋಪು ಬಿಟ್ಟ ರಷ್ಯದ ಎಣ್ಣೆ ಅಗ್ಗವಾಯಿತು. ಅಲ್ಲಿಯವರೆಗೆ ನಮ್ಮ ಆಮದಿನಲ್ಲಿ ನೂರಕ್ಕೆ ಎರಡೂ ಇರದಿದ್ದ ಆ ಎಣ್ಣೆ 2023ರ ಹೊತ್ತಿಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಯಿತು. ಸರ್ಕಾರಿ ಕಂಪನಿಗಳೂ ಕೊಂಡವು, ಗುಜರಾತಿನ ಖಾಸಗಿ ಧಣಿಗಳೂ ಕೊಂಡು ಕಾಯಿಸಿ ಪರದೇಶಗಳಿಗೂ ಮಾರಿದರು. 2025ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷರು, ರಷ್ಯದ ಎಣ್ಣೆ ಕೊಂಡದ್ದಕ್ಕೆ ದಂಡವೆಂದು ಭಾರತದ ಮಾಲಿನ ಮೇಲೆ ಇನ್ನೂ ನೂರಕ್ಕೆ 25 ಸುಂಕ ಹೇರಿದರು. ಮೊದಲಿದ್ದ 25 ಸೇರಿ ಆಗಸ್ಟ್ 27ರಿಂದ 50.

ಯಾವ ಮಾಲಿನ ಮೇಲೆ? ಇಲ್ಲಿ ಸ್ವಲ್ಪ ನಿಲ್ಲಿ. ಬಟ್ಟೆಯ ಮೇಲೆ, ಸಿಗಡಿಯ ಮೇಲೆ, ಚರ್ಮದ ಮೇಲೆ, ಒಡವೆಯ ಮೇಲೆ. ಸುಂಕದಿಂದ ವಿನಾಯಿತಿ ಸಿಕ್ಕ ಮಾಲುಗಳ ಪಟ್ಟಿಯೂ ಇತ್ತು. ಔಷಧಿ ಇತ್ತು, ಮೊಬೈಲ್ ಫೋನು ಇತ್ತು, ಮತ್ತು ಪೆಟ್ರೋಲಿಯಂ ಇತ್ತು. ಎಣ್ಣೆ ಕೊಂಡ ತಪ್ಪಿಗೆ ದಂಡ, ಎಣ್ಣೆಗೆ ದಂಡವಿಲ್ಲ! ರಷ್ಯದ ಒಂದು ಪೀಪಾಯಿಯನ್ನೂ ಕಣ್ಣಿಂದ ನೋಡದ, ರಾಜಗೋಪಾಲನಗರದಿಂದ ಬುತ್ತಿ ಕಟ್ಟಿಕೊಂಡು ಹೋಗಿ ಅಂಗಿಗೆ ಕಾಲರ್ ಹೊಲಿಯುವ ಹೆಂಗಸಿನ ಮೇಲೆ ದಂಡ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತೇವೆ. ಇಲ್ಲಿ ಅತ್ತೆಯ ಮೇಲೆ ಕೋಪವೂ ಇಲ್ಲ, ಅತ್ತೆಗೆ ರೇಷ್ಮೆ ಸೀರೆ. ಆ ಸುಂಕ ಮುಂದೆ ಏರಲಿ, ಇಳಿಯಲಿ. ಆ ತಿಂಗಳುಗಳಲ್ಲಿ ಅವಳು ಕಳೆದುಕೊಂಡ ಕೂಲಿಯನ್ನು ಯಾವ ಒಪ್ಪಂದವೂ ವಾಪಸು ತರುವುದಿಲ್ಲ.

ಪರದೇಶದವರನ್ನು ಮಾತ್ರ ಬೈದು ಕೈತೊಳೆದುಕೊಂಡರೆ ನಾನೂ ಸಿನಿಮಾದವನೇ ಆದೆ. ಮನೆಯವರ ಲೆಕ್ಕವನ್ನೂ ಕೇಳಬೇಕು. ಅಗ್ಗದ ಎಣ್ಣೆ ಬಂದ ಆ ಎರಡು ವರ್ಷ ನಮ್ಮ ಬಂಕಿನಲ್ಲಿ ಏನಾಯಿತು? 2022ರ ಮೇ ಕೊನೆಯಿಂದ 2024ರ ಮಾರ್ಚಿಯವರೆಗೆ ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ 101 ರೂಪಾಯಿ 94 ಪೈಸೆ. ಒಂದು ಪೈಸೆ ಅಲುಗಲಿಲ್ಲ. ಲೋಕಸಭೆ ಚುನಾವಣೆ ಹತ್ತಿರ ಬಂದಾಗ ಎರಡು ರೂಪಾಯಿ ಇಳಿಸಿದರು. ಇನ್ನೂ ಹಿಂದೆ, 2020ರ ಕೊರೋನಾ ಕಾಲ. ಏಪ್ರಿಲ್ 20ರಂದು ಅಮೆರಿಕದ ಪೇಟೆಯಲ್ಲಿ ಕಚ್ಚಾ ಎಣ್ಣೆಯ ಧಾರಣೆ ಸೊನ್ನೆಗಿಂತ ಕೆಳಗಿಳಿಯಿತು. ಮಾರುವವನೇ ದುಡ್ಡು ಕೊಟ್ಟು ಸಾಗಹಾಕುವ ಸ್ಥಿತಿ. ಮೇ ಮೊದಲ ವಾರ ದಿಲ್ಲಿ ಸರ್ಕಾರ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಅಬಕಾರಿ ಸುಂಕ ಏರಿಸಿತು. ಕೇಂದ್ರದ ಸುಂಕವೇ ಲೀಟರ್ ಪೆಟ್ರೋಲಿಗೆ 32 ರೂಪಾಯಿ 98 ಪೈಸೆ ಆಯಿತು. ಆಗ ನಮ್ಮ ಜನ ತುಮಕೂರು ರಸ್ತೆಯಲ್ಲಿ ಗಂಟು ಹೊತ್ತು ಊರಿಗೆ ನಡೆದು ಬರುತ್ತಿದ್ದರು.

ಬೆಂಗಳೂರಿನ ಸರ್ಕಾರವೇನು ಕಡಿಮೆಯೆ? 2024ರ ಜೂನಿನಲ್ಲಿ ಲೋಕಸಭೆಯ ವೋಟು ಎಣಿಸಿ ಎರಡು ವಾರವೂ ಆಗಿರಲಿಲ್ಲ. ಪೆಟ್ರೋಲಿನ ಮಾರಾಟ ತೆರಿಗೆ ನೂರಕ್ಕೆ 25.92ರಿಂದ 29.84ಕ್ಕೆ, ಡೀಸೆಲ್ಲಿನದು 14.34ರಿಂದ 18.44ಕ್ಕೆ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ಲಿಗೆ ಮತ್ತೆ 21.17. ಗ್ಯಾರಂಟಿಗೆ ಹಣ ಬೇಕು ಎನ್ನುತ್ತಾರೆ. ಬಡವರಿಗೆ ಕೊಟ್ಟದ್ದನ್ನು ನಾವು ಬೈಯುವವರಲ್ಲ. ಆದರೆ ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಲಗೇಜ್ ಆಟೊದ ಬಾಡಿಗೆಯಿಂದ ಕಿತ್ತುಕೊಂಡರೆ, ತರಕಾರಿ ಅಂಗಡಿಯ ಯಜಮಾನ ಯಾರ ಲೆಕ್ಕದಲ್ಲಿ ಬರೆಯಬೇಕು? ಕಚ್ಚಾ ಎಣ್ಣೆ ಏರಿದಾಗ “ಅಂತರರಾಷ್ಟ್ರೀಯ ಪರಿಸ್ಥಿತಿ”. ಇಳಿದಾಗ ಪರಿಸ್ಥಿತಿಗೆ ರಜೆ.

ಅಮೆರಿಕದ ಸುಂಕದಿಂದ ಕೆಲಸ ಅಲುಗಾಡುತ್ತಿದ್ದ ಆ ತಿಂಗಳುಗಳಲ್ಲೇ ದಿಲ್ಲಿ ಸರ್ಕಾರ ಇನ್ನೊಂದು ಉಡುಗೊರೆ ಕೊಟ್ಟಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಿಂದೆ 100 ಜನರಿದ್ದ ಕಾರ್ಖಾನೆ ಕೆಲಸಗಾರರನ್ನು ವಜಾ ಮಾಡಲು ಸರ್ಕಾರದ ಅನುಮತಿ ಕೇಳಬೇಕಿತ್ತು. ಈಗ ಆ ಮಿತಿ 300. ಪೀಣ್ಯದ ಎಷ್ಟು ಶೆಡ್ಡುಗಳಲ್ಲಿ 300 ಜನ ಇದ್ದಾರೆ? ಅಲ್ಲಿ ದುಡಿದವರು ಬೆರಳು ಮಡಿಚಿ ಹೇಳಲಿ. ವಾಸಿಮನನ್ನು ಒಂದೇ ಘೋಷಣೆಯಲ್ಲಿ ಕಳಿಸಿದ್ದನ್ನು ಕಂಡು ಮರುಗಿದೆವಲ್ಲ, ಆ ಘೋಷಣೆಯನ್ನು ನಮ್ಮ ಪಾರ್ಲಿಮೆಂಟು ಕಾನೂನಾಗಿ ಬರೆದಿದೆ.

ಈಗ ಆ ಹುಡುಗನ ಕೊನೆಗೆ ಬರುತ್ತೇನೆ. ಈ ಚಿತ್ರದ ಮೇಲೆ ನನಗಿರುವ ನಿಜವಾದ ಸಿಟ್ಟು ಇಲ್ಲಿದೆ. ಕೆಲಸ ಕಳೆದುಕೊಂಡು, ಪೆಟ್ಟು ತಿಂದು, ಹೊಟ್ಟೆಗಿಲ್ಲದೆ ಅಲೆಯುವ ವಾಸಿಮನಿಗೆ ಅನ್ನ ಹಾಕುವವರು ಮದರಸದವರು. ಒಬ್ಬ ಬೋಧಕ ಅವನ ತಲೆ ತುಂಬುತ್ತಾನೆ. ಕೊನೆಯಲ್ಲಿ ಅವನೂ ಅವನ ಗೆಳೆಯನೂ ಸ್ಫೋಟಕ ತುಂಬಿದ ದೋಣಿಯನ್ನು ಅನಿಲದ ಹಡಗಿಗೆ ಗುದ್ದುತ್ತಾರೆ. ಕೆಲಸ ಹೋದ ಕೂಲಿಯ ಮುಂದೆ ಎರಡೇ ದಾರಿ, ಹಸಿದು ಸಾಯುವುದು ಇಲ್ಲವೆ ಸಿಡಿದು ಸಾಯುವುದು. ಬರೆದು ನಿರ್ದೇಶಿಸಿದ ಸ್ಟೀಫನ್ ಗಾಗನ್‌ಗೆ ಮೂರನೆಯ ದಾರಿಯೊಂದು ಇದೆಯೆಂದು ಗೊತ್ತೇ ಇಲ್ಲವೆ? ಅದೇ ಕೊಲ್ಲಿಯ ಇತಿಹಾಸ ಓದಿದ್ದರೆ ಗೊತ್ತಾಗುತ್ತಿತ್ತು. ಇರಾನಿನ ಆಬಾದಾನಿನಲ್ಲಿ ಬ್ರಿಟಿಷರ ಎಣ್ಣೆ ಕಾರ್ಖಾನೆ ಕಟ್ಟಿದ ಕೂಲಿಗಳಲ್ಲಿ ಭಾರತದಿಂದ ಹೋದವರು ಬಹಳ ಮಂದಿ. 1922ರಲ್ಲಿ ಆ ಭಾರತೀಯರು ಕೂಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದರು. ಹಡಗು ಹತ್ತಿಸಿ ಊರಿಗೆ ಅಟ್ಟಿದರು. ಸೋತರು, ನಿಜ. ಆದರೆ 1978ರಲ್ಲಿ ಅದೇ ಇರಾನಿನ ಎಣ್ಣೆ ಕಾರ್ಮಿಕರು ನಲ್ಲಿ ತಿರುಗಿಸಿ ಕೂತಾಗ ಅಮೆರಿಕದ ಆಪ್ತನಾದ ಷಹನ ಸಿಂಹಾಸನವೇ ಅಲುಗಿತು. ಆಮೇಲೆ ಗಾದಿ ಮುಲ್ಲಾಗಳ ಪಾಲಾಯಿತೆಂಬುದು ಬೇರೆ ದುಃಖ. ಒಂದು ಹಡಗು ಸಿಡಿಸಿದರೆ ವಿಮೆಯವನು ಹಣ ಕೊಡುತ್ತಾನೆ, ಇನ್ನೊಂದು ಹಡಗು ಬರುತ್ತದೆ. ನಲ್ಲಿ ತಿರುಗಿಸಿದ ಕೈಗೆ ವಿಮೆಯಿಲ್ಲ.

ಗಾರ್ಮೆಂಟ್ಸಿನ ಆ ಹೆಂಗಸು ಕೇಳಿದ್ದೂ ಇದನ್ನೇ, ಅವಳದೇ ರೀತಿಯಲ್ಲಿ. “ಆ ಹುಡ್ಗನ ಜತೆ ಕೆಲ್ಸ ಹೋಯ್ತಲ್ಲ, ಮಿಕ್ಕೋರೆಲ್ಲ ಏನಾದ್ರು ಮೇಷ್ಟ್ರೇ?” ಚಿತ್ರ ಹೇಳುವುದಿಲ್ಲ. ಸಾಲಿನಲ್ಲಿ ಹತ್ತಾರು ಮಂದಿ ಇದ್ದರು. ಕ್ಯಾಮರಾ ಒಬ್ಬನ ಹಿಂದೆ ಹೋಯಿತು. ಮಂಗಳೂರಿನ ಕಾರ್ಖಾನೆಯಲ್ಲಿ 2025ರ ಜುಲೈಯಲ್ಲಿ ಎಣ್ಣೆ ತೊಟ್ಟಿಯ ಮೇಲೆ ವಿಷಾನಿಲಕ್ಕೆ ಸಿಕ್ಕಿ ಇಬ್ಬರು ನೌಕರರು ಸತ್ತರು. ಅವರ ಮೇಲೆ ಯಾರೂ ಚಿತ್ರ ತೆಗೆಯುವುದಿಲ್ಲ. ಅವರು ಗುಪ್ತಚರರಲ್ಲ, ರಾಜಕುಮಾರರಲ್ಲ, ಕೆಲಸಕ್ಕೆ ಹೋದವರು.

ರಾಜಗೋಪಾಲನಗರದ ಆ ಕೋಣೆಯಲ್ಲಿ ರಾತ್ರಿ ಹತ್ತರವರೆಗೆ ಮಾತಾಡಿ ಕೊನೆಗೆ ಒಂದು ಕಾಗದ ಬರೆದೆವು. ಅವರು ಕಾಗದದಲ್ಲಿ ಹೊಡೆದರೆ ನಾವೂ ಕಾಗದದಲ್ಲೇ ಕೇಳೋಣವೆಂದು. 2025ರ ಆಗಸ್ಟ್ 27ರಿಂದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಎಷ್ಟು ಮಂದಿಯನ್ನು ಲೇಆಫ್ ಮಾಡಲಾಯಿತು, ಎಷ್ಟು ಮಂದಿಗೆ ಅರ್ಧ ಸಂಬಳದ ಲೇಆಫ್ ಪರಿಹಾರ ಸಿಕ್ಕಿತು, ಎಷ್ಟು ಮಂದಿಯ ಹೆಸರು ಲೇಆಫ್ ಎಂದೂ ಬರೆಯದೆ “ಫೋನ್ ಮಾಡ್ತೀವಿ” ಎಂಬ ಲೆಕ್ಕದಲ್ಲಿ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕಾರ್ಮಿಕ ಇಲಾಖೆಗೆ ಅರ್ಜಿ. ಬರೆದವನು ಟರ್ನರ್, ಅವನ ಅಕ್ಷರ ನನಗಿಂತ ದುಂಡಗಿದೆ. ಮೊದಲ ಸಹಿ ಆ ಹೆಂಗಸಿನದು, ಎರಡನೆಯದು ಅರಬ್ಬರ ಜಗಳ ನಮಗೇಕೆ ಎಂದ ಕಿರಾಣಿ ಅಂಗಡಿಯವರದು. ಉತ್ತರ ಕೊಡಲು ಇಲಾಖೆಗೆ ಮೂವತ್ತು ದಿನ ಕಾಲಾವಕಾಶವಿದೆ. ಬಂದರೆ ಬಂದಂತೆಯೇ ಈ ಪುಟದಲ್ಲಿ ಅಚ್ಚುಹಾಕುತ್ತೇವೆ, ಬಾರದಿದ್ದರೆ ಅದನ್ನೂ.